ಹಳೇ ಮನೆ, ಸೊನ್ನೆ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತಾತ ಕಟ್ಟಿಸಿದ ಮನೆಯ ಮೇಲೆ ಸೋಲಾರ್ ಹಾಕಿಸಿ, ಬೇಕಾದ ಕರೆಂಟನ್ನೆಲ್ಲ ಅಲ್ಲೇ ತಯಾರಿಸಿಕೊಳ್ಳಬೇಕು ಎಂಬ ಆಸೆ ಈಗ ಹಲವರಿಗಿದೆ. ಖರ್ಚು ಮಾಡಿದ ಕರೆಂಟಿಗೂ ಉತ್ಪಾದಿಸಿದ ಕರೆಂಟಿಗೂ ವರ್ಷದ ಕೊನೆಗೆ ಲೆಕ್ಕ ಸರಿಹೋದರೆ ಅದು ನೆಟ್ ಜೀರೋ ಮನೆ. ಆಷಾಢದ ಮೋಡದಲ್ಲಿ ಆದ ಕೊರತೆಯನ್ನು ಚೈತ್ರದ ಬಿಸಿಲು ತುಂಬಿಕೊಡುತ್ತದೆ.

ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಬಿಲ್ ಸೊನ್ನೆಯಾದರೇನು, ಆ ಕರೆಂಟಿನ ಒಂದು ಪಾಲು ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದೇ.

ಆದರೆ ಪ್ಯಾನೆಲ್ ಮಾತು ಕೊನೆಗಿರಲಿ. ಮೊದಲು, ಒಂದು ರಾತ್ರಿ ಫ್ರಿಜ್ಜೂ ಸೇರಿ ಎಲ್ಲ ಸ್ವಿಚ್ ಆರಿಸಿ, ಮೀಟರಿನ ಪುಟ್ಟ ಕೆಂಪು ದೀಪ ನೋಡಿ. ಅದರ ಪಕ್ಕ 3200 ಎಂದಿದ್ದರೆ, ದೀಪ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್. ಎಲ್ಲ ಆರಿಸಿದರೂ ಮಿನುಗುತ್ತಿದೆಯೇ? ಯುಪಿಎಸ್ಸೋ ಸೆಟ್‌ಟಾಪ್ ಬಾಕ್ಸೋ ಮರೆತಿರಬೇಕು. ಅದೂ ಅಲ್ಲವಾದರೆ ಹಳೇ ವೈರಿಂಗ್ ಎಲ್ಲೋ ಸೋರುತ್ತಿರಬಹುದು. ಆಗ ಮರುದಿನವೇ ಎಲೆಕ್ಟ್ರಿಷಿಯನ್ ಬರಲಿ. ಅದು ಉಳಿತಾಯದ ಮಾತಲ್ಲ, ಜೀವದ ಮಾತು.

ಆಮೇಲೆ ಫ್ಯಾನು. ಹಳೇ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿನ ಫ್ಯಾನ್ 30ರ ಆಸುಪಾಸು. ಐದು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ಎರಡು ಯೂನಿಟ್‌ಗೂ ಮೇಲೆ ಉಳಿಯಿತು. ದಿನಕ್ಕೊಂದು ಗಂಟೆ ಉರಿಯುವ 2000 ವಾಟಿನ ಗೀಸರ್ ಬದಲು ಸೋಲಾರ್ ಬಿಸಿನೀರು ಬಂದರೆ, ಬಿಸಿಲಿದ್ದ ದಿನ ಇನ್ನೆರಡು ಯೂನಿಟ್. ನಮ್ಮ ಕಡೆ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಕೊಡುವುದೂ ಸರಾಸರಿ ನಾಲ್ಕೇ ಯೂನಿಟ್! ಅಂದರೆ ಅಷ್ಟು ಪ್ಯಾನೆಲ್ಲೂ ನೂರು ಚದರಡಿ ತಾರಸಿಯೂ ಉಳಿದಂತಾಯಿತು.

ಸೂರಿನ ಕೆಳಗೆ ವೆಂಟಿಲೇಟರ್ ಇಟ್ಟವರು ದಡ್ಡರಲ್ಲ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತಿತ್ತು. ಸೊಳ್ಳೆ, ಧೂಳು ಎಂದು ರಟ್ಟು ಬಡಿದು ಮುಚ್ಚಿ, ಈಗ ಎಸಿ ಹಾಕಿಸುತ್ತಿದ್ದೇವೆ. ರಟ್ಟು ಕಿತ್ತು ಜಾಲರಿ ಹಾಕಿಸಿ. ಶಿವರಾತ್ರಿ ಹೊತ್ತಿಗೆ ತಾರಸಿಗೆ ಸುಣ್ಣ ಬಳಿಸಿ.

ಇನ್ನು ಪ್ಯಾನೆಲ್. ಮಂಗಳೂರು ಹೆಂಚಿನ ಮನೆಯಾದರೆ ಹೆಂಚಿನ ಮೇಲೆ ಭಾರ ಹಾಕುವಂತಿಲ್ಲ; ಚೌಕಟ್ಟನ್ನು ಹೆಂಚಿನ ಕೆಳಗಿನ ಮರದ ಪಕಾಸಿಗೆ ಬಿಗಿಯಬೇಕು, ಆ ಪಕಾಸಿಗೆ ಗೆದ್ದಲು ಹಿಡಿದಿರಬಾರದು. ತೆಂಗಿನಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿಗೆ ಸಾಲೇ ಸೊರಗಬಹುದು. ಬ್ಯಾಟರಿ ಇಲ್ಲದ ಸಾಮಾನ್ಯ ಸಂಪರ್ಕವಾದರೆ, ಕರೆಂಟ್ ಹೋದಾಗ ನಿಮ್ಮ ಸೋಲಾರೂ ನಿಲ್ಲುತ್ತದೆ. ನಿಮ್ಮ ಕರೆಂಟ್ ಹೊರಗಿನ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ತೊಡಕು ಬರುವುದು ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ, ಅಂದರೆ ಆರ್‌ಆರ್ ನಂಬರಿನಲ್ಲಿ: ಎಷ್ಟೋ ಮನೆಗಳ ಮೀಟರ್ ಇಂದಿಗೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ. ಮೊದಲು ಹೆಸರು ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರಲ್ಲಿ ಇನ್ನೂ ಭಾಗವಾಗದ ಮನೆಯಾದರೆ, ತಾರಸಿ ಯಾರದು, ಕರೆಂಟು ಯಾರದು ಎಂಬುದನ್ನು ಪ್ಯಾನೆಲ್ ಮೇಲೇರುವ ಮುಂಚೆಯೇ ಕೂತು ಮಾತಾಡಿ ಬರೆದಿಟ್ಟುಕೊಳ್ಳಿ.

ನಮಸ್ಕಾರ.