ಹೋಗಿ ಬರುವ ನೌಕೆಯ ಇಂಧನದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಾಹ್ಯಾಕಾಶದ ಕಾದಾಟದಲ್ಲಿ ದೊಡ್ಡ ತಾಯಿನೌಕೆಯಿಂದ ಪೈಲಟ್ ಕೂತ ಪುಟ್ಟ ಮರಿನೌಕೆಗಳನ್ನು ಹಾರಿಸುವುದು ಲಾಭವೇ ಎಂಬುದು ಇಂದಿನ ಮಾತು.

ವಿಮಾನವಾಹಕ ಹಡಗು ಸಮುದ್ರದಲ್ಲಿ ಗೆಲ್ಲುವುದಕ್ಕೆ ಕಾರಣವಿದೆ. ಹಡಗು ನೀರನ್ನು ಸೀಳುತ್ತಾ ಸಾಗಬೇಕು, ವಿಮಾನಕ್ಕೆ ಆ ಕಾಟವಿಲ್ಲ. ಎತ್ತರಕ್ಕೇರಿದರೆ ದಿಗಂತದಾಚೆಗೂ ಕಣ್ಣು ಹಾಯುತ್ತದೆ. ಬಾಹ್ಯಾಕಾಶದಲ್ಲಿ ತಾಯಿನೌಕೆಗೂ ಮರಿನೌಕೆಗೂ ಒಂದೇ ನಿರ್ವಾತ. ಗ್ರಹದಿಂದ ದೂರ ಸರಿದರೆ ದಿಗಂತವೂ ಇಲ್ಲ. ಹಾಗಾಗಿ ವಿಮಾನಕ್ಕಿದ್ದ ಆ ಎರಡೂ ಲಾಭ ಮರಿನೌಕೆಗಿಲ್ಲ.

ಇನ್ನು ಇಂಧನ. ಕ್ಷಿಪಣಿ ಒಮ್ಮೆ ವೇಗ ಪಡೆದರೆ ಆಯಿತು. ಪೈಲಟ್ ಕೂತ ನೌಕೆ ಹೊರಡಬೇಕು, ನಿಲ್ಲಬೇಕು, ಹಿಂದಿರುಗಬೇಕು, ತಾಯಿನೌಕೆಯ ಬಳಿ ಮತ್ತೆ ನಿಲ್ಲಬೇಕು. ಖಾಲಿ ತೂಕ 5 ಟನ್, ಬೇಕಾದ ವೇಗ ಸೆಕೆಂಡಿಗೆ 1 ಕಿಲೋಮೀಟರ್, ಎಂಜಿನ್ನಿನಿಂದ ಅನಿಲ ಹೊಮ್ಮುವ ವೇಗ 3 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕ್ಷಿಪಣಿಯಂತೆ ನಿಲ್ಲದೆ ಹೋಗುವ ಒಮ್ಮುಖ ಪ್ರಯಾಣಕ್ಕೆ 2 ಟನ್ ಇಂಧನ ಸಾಕು. ಹೋಗಿಬರಲು 14 ಟನ್! ವಾಪಸಾತಿಯ ಇಂಧನವನ್ನೂ ಹೋಗುವಾಗ ಹೊತ್ತೊಯ್ಯಬೇಕಲ್ಲ, ಅದಕ್ಕೇ ನಾಲ್ಕು ಪಟ್ಟು ಕೆಲಸಕ್ಕೆ ಏಳು ಪಟ್ಟು ಖರ್ಚು.

ಎಡವುವುದೂ ಇಲ್ಲೇ. ಗುರಿಯ ಬಳಿ ನಿಂತ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ, ಟ್ಯಾಂಕಿನಲ್ಲಿ ಉಳಿದಿರುವುದು ಮಾತ್ರ ಮೂರನೇ ಒಂದು ಪಾಲು. ಅಷ್ಟೇ ಸಾಕು, ನೌಕೆ ಈಗ ಹಗುರ. ಆದರೆ ಶತ್ರು ಪಕ್ಕಕ್ಕೆ ಜಾರಿದನೆಂದು ಬೆನ್ನಟ್ಟಿದರೆ, ಉರಿಯುವುದು ಮನೆಗೆ ಮರಳುವ ಇಂಧನವೇ. ಭಾರವಿಲ್ಲದ ಕಡೆ ದ್ರವ ಟ್ಯಾಂಕಿನೊಳಗೆ ತೇಲಾಡುವುದರಿಂದ ಮಟ್ಟ ನೋಡಿ ಅಳೆಯಲಾಗದು. ಎಂಜಿನ್ ಎಷ್ಟು ಸೆಕೆಂಡು ಉರಿಯಿತು, ಟ್ಯಾಂಕಿನ ಒತ್ತಡ ಎಷ್ಟಿದೆ ಎಂದು ಲೆಕ್ಕ ಹಾಕಬೇಕು. ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ.

ಪೈಲಟ್ ಇದ್ದರೆ ತೂಕವೂ ಏರುತ್ತದೆ. ಉಸಿರಾಡಲು ಒಬ್ಬರಿಗೆ ದಿನಕ್ಕೆ ಒಂದು ಕಿಲೋಗಿಂತ ಕಡಿಮೆ ಆಮ್ಲಜನಕ ಸಾಕು. ತೂಕವೆಲ್ಲ ಕ್ಯಾಬಿನ್, ಆಸನ, ಶಾಖ ಹೊರಹಾಕುವ ಏರ್ಪಾಡುಗಳದ್ದು. ವಿಶೇಷ ಉಡುಪು ತೊಟ್ಟ ಪೈಲಟ್ ಕೂಡ ಗುರುತ್ವದ 9 ಪಟ್ಟು ಒತ್ತಡವನ್ನು ತಡೆಯುವುದು ಕೆಲವೇ ಸೆಕೆಂಡು. ಕ್ಷಿಪಣಿಗೆ ಆ ಚಿಂತೆಯಿಲ್ಲ.

ಮನುಷ್ಯನಿಲ್ಲದೆ ಗುಂಡು ಹಾರಿಸಿದ ಉದಾಹರಣೆಯೂ ಇದೆ. ಸೋವಿಯತ್ ಒಕ್ಕೂಟ 1974ರಲ್ಲಿ ಹಾರಿಸಿದ ಸಾಲ್ಯುತ್-3 ಬಾಹ್ಯಾಕಾಶ ನಿಲ್ದಾಣದಲ್ಲಿ ತೋಪಿತ್ತು. ಗುರಿ ಹಿಡಿಯಲು ಇಡೀ ನಿಲ್ದಾಣವನ್ನೇ ತಿರುಗಿಸಬೇಕಿತ್ತು. 1975ರ ಜನವರಿಯಲ್ಲಿ ಗುಂಡು ಹಾರಿಸಿದಾಗ ಒಳಗೆ ಯಾರೂ ಇರಲಿಲ್ಲ.

ಹಾಗಾದರೆ ಮನುಷ್ಯ ಬೇಡವೇ? ಬೇಕು, ಆದರೆ ಕಾದಾಟಕ್ಕಲ್ಲ ಎಂಬುದು ನನ್ನ ಎಣಿಕೆ. ಚಂದ್ರನಷ್ಟು ದೂರಕ್ಕೆ ಪ್ರಶ್ನೆ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡು ಮೀರುತ್ತದೆ. ಅಪರಿಚಿತ ನೌಕೆಯನ್ನು ತಪಾಸಣೆ ಮಾಡುವಾಗ ಆ ತಡ ಸಲ್ಲದು, ಇಬ್ಬರು ಕೂತ ಪುಟ್ಟ ನೌಕೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಕೊನೆಯ ಮೀಟರುಗಳಲ್ಲಿ ವೇಗ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಇದ್ದರೆ ಸಾಕು. ಎದುರಿಗೆ ನೇರವಾಗಿ ಅನಿಲ ಚಿಮ್ಮಿಸಿ ನಿಲ್ಲಲು ಹೋದರೆ ಅದು ಆ ನೌಕೆಯ ಸೌರಫಲಕಕ್ಕೆ ಬಡಿದು ನೌಕೆಯನ್ನೇ ಗಿರಗಿರ ತಿರುಗಿಸುತ್ತದೆ. ಓರೆಯಾಗಿ ಚಿಮ್ಮಿಸಬೇಕು, ಇಂಧನ ತುಸು ಹೆಚ್ಚು ಹೋದರೂ ಸರಿಯೇ.