ಉಪ್ಪುಗಾಳಿಯಲ್ಲಿ ಮೋಟಾರ್ ಬ್ರೇಕ್: ನೀರು ಒಳಗೆ ಹೋಗುವುದು ಎಲ್ಲಿಂದ?

ನಮಸ್ಕಾರ. ಕಾರವಾರದ ಬೈತಖೋಲದಂಥ ಬಂದರಿನಲ್ಲಿ ದೋಣಿಯನ್ನು ದಡಕ್ಕೆ ಎಳೆಯುವ ವಿಂಚ್ ಇದೆ ಅಂದುಕೊಳ್ಳಿ. 7.5 ಕಿಲೋವ್ಯಾಟ್ ಮೋಟಾರ್, 1440 ಆರ್‌ಪಿಎಂ. ಅದರ ಶಾಫ್ಟಿಗೆ ಮಳೆಗೂ ಉಪ್ಪುಗಾಳಿಗೂ ಜಗ್ಗದ ಬ್ರೇಕ್ ಬೇಕು. ಹೇಗೆ ಡಿಸೈನ್ ಮಾಡೋದು?

[ಪರದೆಯಲ್ಲಿ: ಬಿಚ್ಚಿಟ್ಟ ಬ್ರೇಕ್]

ಕರೆಂಟ್ ಇಲ್ಲದಾಗ ಸ್ಪ್ರಿಂಗ್‌ಗಳು ಕಬ್ಬಿಣದ ಪ್ಲೇಟನ್ನು ತಳ್ಳಿ, ಶಾಫ್ಟಿನ ಜೊತೆ ತಿರುಗುವ ಲೈನಿಂಗ್ ಡಿಸ್ಕನ್ನು ಅದುಮಿ ಹಿಡಿಯುತ್ತವೆ. ಕರೆಂಟ್ ಬಂದಾಗ ಕಾಯಿಲ್ ಆ ಪ್ಲೇಟನ್ನು ಎಳೆದುಕೊಳ್ಳುತ್ತದೆ, ಶಾಫ್ಟ್ ತಿರುಗುತ್ತದೆ. ಹಾಗಾಗಿ ಎಳೆಯುವಾಗಲೇ ಕರೆಂಟ್ ಹೋದರೂ ದೋಣಿ ಹಿಂದಕ್ಕೆ ಜಾರುವುದಿಲ್ಲ. ಪ್ಲೇಟ್ ಸರಿಯುವ ಗ್ಯಾಪ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿ ತುಕ್ಕು ಕೂತರೆ ಕಥೆ ಮುಗಿಯಿತು, ಅಲ್ವಾ?

ಟಾರ್ಕ್, ಅಂದರೆ ಶಾಫ್ಟನ್ನು ತಿರುಗಿಸುವ ಬಲ, ಅದರ ಲೆಕ್ಕ ಬೇಗ ಮುಗಿಸೋಣ. 9550 ಅನ್ನೋ ಸ್ಥಿರಾಂಕ × 7.5 ಕಿಲೋವ್ಯಾಟ್ ÷ 1440 ಆರ್‌ಪಿಎಂ, ಹತ್ತಿರ ಹತ್ತಿರ 50 ನ್ಯೂಟನ್ ಮೀಟರ್. ಭಾರ ಹಿಡಿಯುವ ಕೆಲಸ, ಬ್ರೇಕಿನ ಟಾರ್ಕ್ ಇದರ ಎರಡು ಪಟ್ಟು ಇಡಿ.

ಈಗ ಸೀಲ್. ಶಾಫ್ಟ್ ಹೊರಬರುವಲ್ಲಿ ಆಯಿಲ್ ಸೀಲ್, ಅದರ ಲಿಪ್, ಅಂದರೆ ಶಾಫ್ಟಿಗೆ ಒತ್ತಿಕೊಳ್ಳುವ ರಬ್ಬರ್ ಅಂಚು, ಹೊರಗಡೆಗೆ ಮುಖ ಮಾಡಿರಬೇಕು. 40 ಮಿಲಿಮೀಟರ್ ಶಾಫ್ಟ್ ಆದರೆ ಲಿಪ್ ಕೆಳಗೆ ವೇಗ ಸೆಕೆಂಡಿಗೆ ಸುಮಾರು 3 ಮೀಟರ್, ನೈಟ್ರೈಲ್ ರಬ್ಬರಿಗೆ ಇದೇನೂ ಜಾಸ್ತಿ ಅಲ್ಲ. ಆದರೆ ಲಿಪ್ ಉಜ್ಜುವ ಜಾಗದಲ್ಲಿ ಶಾಫ್ಟ್ ತುಕ್ಕು ಹಿಡಿದು ಒರಟಾದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಕೆಲವೇ ದಿನಗಳಲ್ಲಿ ಹರಿದುಹೋಗುತ್ತದೆ, ಅದಕ್ಕೇ ಅಲ್ಲಿ ಸ್ಟೇನ್‌ಲೆಸ್ ಸ್ಲೀವ್ (ಶಾಫ್ಟಿನ ಮೇಲೆ ಕೂರುವ ಕೊಳವೆ) ಹಾಕಿ ಅಂತ ನಾನು ಒತ್ತಿ ಹೇಳುತ್ತೇನೆ. ಕವರಿನ ಜೋಡಣೆಗೆ ಓ-ರಿಂಗ್ ಅನ್ನೋ ರಬ್ಬರ್ ಬಳೆ, ಕೇಬಲ್ ಒಳಬರುವಲ್ಲಿ ಅದನ್ನು ಬಿಗಿದು ಹಿಡಿಯುವ ಗ್ಲಾಂಡ್. ಕೈಯಿಂದ ಬ್ರೇಕ್ ಬಿಡಿಸುವ ಲಿವರ್ ಇದ್ದರೆ ಅದರ ತೂತಿಗೂ ರಬ್ಬರ್ ಬೂಟ್ ಬೇಕು.

ಹಾಗಂತ ಪ್ಲೇಟನ್ನೂ 304 ಸ್ಟೇನ್‌ಲೆಸ್‌ನಲ್ಲಿ ಮಾಡಿಬಿಡೋಣ ಅನ್ನಬೇಡಿ. ಅದನ್ನು ಮ್ಯಾಗ್ನೆಟ್ ಸರಿಯಾಗಿ ಎಳೆಯುವುದಿಲ್ಲ. ಪ್ಲೇಟ್ ಕಬ್ಬಿಣದ್ದೇ ಇರಲಿ, ಮೇಲೆ ತುಕ್ಕು ತಡೆಯುವ ಲೇಪ ಇರಲಿ.

[ಪರದೆಯಲ್ಲಿ: ಬ್ರೇಕ್ ಒಳಗಿನ ಗಾಳಿ ಹಿಗ್ಗಿ ಕುಗ್ಗುವ ಆನಿಮೇಷನ್]

ಇಷ್ಟೆಲ್ಲಾ ಮಾಡಿದ ಮೇಲೂ ಒಳಗೆ ನೀರು ಸಿಗುತ್ತದೆ. ಯಾಕೆ? ಮೋಟಾರ್ ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಹೋಗುತ್ತದೆ. ನಿಲ್ಲಿಸಿದಾಗ ತಣ್ಣಗಾಗಿ ಕುಗ್ಗುತ್ತದೆ, ಆಗ ಸೀಲಿನ ಅಂಚಿನಿಂದಲೇ ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವ ಲೋಹದ ಮೇಲೆ ಹನಿಯಾಗಿ ಕೂರುತ್ತದೆ, ಸೀಲ್ ಬಿಗಿ ಇದ್ದಷ್ಟೂ ಹೊರಗೆ ಹೋಗಲು ದಾರಿಯಿಲ್ಲ. ಧೂಳು-ನೀರು ತಡೆಯುವ ಮಟ್ಟ ಹೇಳುವ ಐಪಿ66 ಅಂತ ಬರೆದಿದ್ದರೆ ಜೋರಾಗಿ ನೀರು ಬಿಟ್ಟು ಪರೀಕ್ಷಿಸಿದ್ದಾರೆ ಅಂತ ಅರ್ಥ, ಈ ತೇವದ ಪರೀಕ್ಷೆ ಅದರಲ್ಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಂದರೆ ಗಾಳಿಯಲ್ಲಿ ತೇವ ತುಂಬಿರುವ ಹೊತ್ತಿನಲ್ಲೇ ಇಂಥ ವಿಂಚ್ ಸುಮ್ನೆ ನಿಂತಿರಬಹುದು, ಡಿಸ್ಕ್ ಅದುಮಿಕೊಂಡೇ ಇರುತ್ತದೆ, ಆಗಸ್ಟಿನಲ್ಲಿ ಸ್ವಿಚ್ ಹಾಕಿದರೆ ಅಂಟಿಕೊಂಡ ಬ್ರೇಕ್ ಬಿಡುವುದಿಲ್ಲ, ಮೋಟಾರ್ ಗುಂಯ್‌ಗುಡುತ್ತದೆ.

ಅದಕ್ಕೆ ಡ್ರಾಯಿಂಗ್ ಹಂತದಲ್ಲೇ ಗಾಳಿಯಾಡುವ, ಆದರೆ ನೀರು ಬಿಡದ ಬ್ರೀದರ್ ಪ್ಲಗ್ ಕೊಡಿ. ಅತಿ ಕೆಳಗಿನ ಜಾಗದಲ್ಲಿ ಡ್ರೈನ್ ತೂತು ಇರಲಿ, ಮೋಟಾರ್ ಮಲಗಿಸುತ್ತೀರೋ ನಿಲ್ಲಿಸುತ್ತೀರೋ ನೋಡಿಕೊಂಡೇ ಕೊರೆಯಿರಿ. ತೇವ ಹನಿಗಟ್ಟದಂತೆ ಒಳಗೊಂದು ಸಣ್ಣ ಹೀಟರ್ ಇಡಿ. ಅದಕ್ಕೆ ಬೇರೆ ಲೈನ್ ಬೇಕು, ಮೋಟಾರ್ ಆಫ್ ಇದ್ದಾಗಲೂ ಅದು ಬಿಸಿ ಇರಬೇಕಲ್ಲ. ಮತ್ತೆ ಕವರ್ ಮೇಲೆ ದೊಡ್ಡದಾಗಿ ಬರೆಸಿ: ಮೋಟಾರ್ ಆಫ್ ಆದರೂ ಒಳಗೆ ಕರೆಂಟ್ ಇದೆ.