ತೆರಿಗೆಯ ಮಾಹಿತಿ ಕೆಡುವುದು ಬಿಲ್ಲಿನಲ್ಲಿ

ಕೇಳುಗರಿಗೆ ನಮಸ್ಕಾರ. ತೆರಿಗೆ ಇಲಾಖೆ ನಮ್ಮಿಂದ ಪಡೆಯುವ ಮಾಹಿತಿ ಎಲ್ಲಿ ಕೆಡುತ್ತದೆ, ಅದನ್ನು ಎಲ್ಲಿ ತಿದ್ದಬೇಕು ಎಂಬುದು ಇಂದಿನ ಮಾತು.

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಸಾಂಗಲಿಯಿಂದ ರಟ್ಟಿನ ಪೆಟ್ಟಿಗೆ ತರಿಸಿದರು ಎಂದಿಟ್ಟುಕೊಳ್ಳಿ. ಅಲ್ಲಿಯ ಗುಮಾಸ್ತ ಬಿಲ್ ಮಾಡುವಾಗ ಕಂಪ್ಯೂಟರಿನ ಪಟ್ಟಿಯಲ್ಲಿ ಅದೇ ಅಡ್ಡಹೆಸರಿನ ಇನ್ನೊಬ್ಬ ಗಿರಾಕಿಯನ್ನು ಒತ್ತಿಬಿಟ್ಟ. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಗುರುತು, ನಮಗೆ 29, ಮಹಾರಾಷ್ಟ್ರಕ್ಕೆ 27. ಮುಂದಿನ 10 ಪ್ಯಾನ್. ಕೊನೆಯದು ತಾಳೆ ನೋಡುವ ಅಕ್ಷರ. ಬೆರಳು ತಪ್ಪಿ ಒಂದಕ್ಷರ ಬದಲಾದರೆ ಆ ಕೊನೆಯ ಅಕ್ಷರ ಅದನ್ನು ಹಿಡಿಯುತ್ತದೆ. ಸಂಖ್ಯೆಯೇನೋ ಸರಿಯಿದ್ದು ಮನುಷ್ಯನೇ ಬೇರೆಯಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಮಾರಿದವರು ಮುಂದಿನ ತಿಂಗಳ 11ನೇ ತಾರೀಖಿನೊಳಗೆ ವಿವರ ಸಲ್ಲಿಸುತ್ತಾರೆ, ಅದರಿಂದ ಕೊಂಡವರ ಖರೀದಿ ಪಟ್ಟಿ 14ಕ್ಕೆ ಸಿದ್ಧವಾಗುತ್ತದೆ, ತಿಂಗಳ ತೆರಿಗೆ ಕಟ್ಟಲು 20 ಕೊನೆಯ ದಿನ. ತಮ್ಮ ಬಿಲ್ ಪಟ್ಟಿಯಲ್ಲಿಲ್ಲ ಎಂದು ನಮ್ಮ ವ್ಯಾಪಾರಿಗೆ ತಿಳಿಯುವ ಹೊತ್ತಿಗೆ ಉಳಿಯುವುದು ಆರೇ ದಿನ. ಅಷ್ಟರಲ್ಲಿ ತಿದ್ದುಪಡಿ ಕಳಿಸಿದರೂ ಬಿಲ್ ಕಾಣುವುದು ಮುಂದಿನ ಪಟ್ಟಿಯಲ್ಲಿ; ಹೀಗಾಗಿ ಪೆಟ್ಟಿಗೆಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಜಮೆ ಅವರಿಗೆ ಆ ತಿಂಗಳು ಸಿಗುವುದಿಲ್ಲ.

ಇಂಥ ತಪ್ಪುಗಳಿಗೆ ಫಾರ್ಮಿನಲ್ಲಿ ಮತ್ತೊಂದು ಅಂಕಣ ಸೇರಿಸುವುದು ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ಕೇಳುವ ವಿವರ ಹೆಚ್ಚಿದಷ್ಟೂ ಕೊನೆಯ ದಿನದ ರಾತ್ರಿ ಅಂದಾಜಿನಲ್ಲಿ ತುಂಬುವುದೂ ಹೆಚ್ಚುತ್ತದೆ. ಲೆಕ್ಕ ಬರೆಯುವವರಿಗೆಲ್ಲ ಇದು ಗೊತ್ತಿರುವ ಗುಟ್ಟು.

ಆದರೆ ಕೇಳಲೇಬೇಕಾದದ್ದನ್ನು ಅರೆಬರೆ ಕೇಳಿದರೂ ಕೆಲಸಕ್ಕೆ ಬರುವುದಿಲ್ಲ. ಸರಕಿನ ಸಂಕೇತವಾದ ಎಚ್‌ಎಸ್‌ಎನ್‌ನಲ್ಲಿ ದ್ರಾಕ್ಷಿಗೆ 0806. ವಾರ್ಷಿಕ ವಹಿವಾಟು 5 ಕೋಟಿ ಮೀರದವರು ಈ ನಾಲ್ಕು ಅಂಕಿ ಬರೆದರೆ ಸಾಕೆಂಬ ನಿಯಮ 2021ರ ಏಪ್ರಿಲ್‌ನಿಂದ ಇದೆ. ಹಸಿ ದ್ರಾಕ್ಷಿ 080610, ಒಣದ್ರಾಕ್ಷಿ 080620 ಎಂಬ ಭೇದ ಕಾಣುವುದು ಆರು ಅಂಕಿಗಳಲ್ಲಿ ಮಾತ್ರ. ಮೇಲಾಗಿ ತಿಕೋಟಾದ ರೈತ ತಾನೇ ಬೆಳೆದ ಒಣದ್ರಾಕ್ಷಿಯನ್ನು ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲವೆಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಅದೇ ಮಾಲು ವ್ಯಾಪಾರಿಯ ಕೈಸೇರಿ ಮಾರಾಟವಾದರೆ ತೆರಿಗೆ ಬೀಳುತ್ತದೆ. ಹೀಗಿರುವಾಗ ನಾಲ್ಕು ಅಂಕಿಗಳನ್ನಷ್ಟೇ ನೋಡಿದ ಅಧಿಕಾರಿಗೆ ಜಿಲ್ಲೆಯ ದ್ರಾಕ್ಷಿ ವಹಿವಾಟಿನ ಬಗ್ಗೆ ಏನು ತಾನೇ ತಿಳಿದೀತು?

ಇನ್ನು ಹೆಸರುಗಳ ಪಾಡು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಕುಳಿತಿದೆ. ಜನರ ಹೆಸರೂ ಹಾಗೆಯೇ: ಒಂದೆಡೆ ಅಡ್ಡಹೆಸರು ಮೊದಲು, ಇನ್ನೊಂದೆಡೆ ಕೊನೆಗೆ, ನಡುವೆ ತಂದೆಯ ಹೆಸರು ಕೆಲವೊಮ್ಮೆ ಒಂದೇ ಅಕ್ಷರ. ಈ ವಿಷಯದಲ್ಲಿ ಆದಾಯ ತೆರಿಗೆ ಇಲಾಖೆ 2021ರಲ್ಲಿ ತಂದ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಒಳ್ಳೆಯ ದಾರಿ ತೋರಿಸಿತು. ಬ್ಯಾಂಕು ಮೊದಲಾದವರು ನಮ್ಮ ಬಗ್ಗೆ ಕೊಟ್ಟ ವಿವರವನ್ನು ನಾವೇ ನೋಡಿ, ಇದು ನನ್ನದಲ್ಲ, ಇದು ಎರಡು ಸಲ ಬಂದಿದೆ ಎಂದು ಅಲ್ಲಿಯೇ ಹೇಳಬಹುದು.

ಹಾಗೆ ನೋಡುವ ಅವಕಾಶ ಬಿಲ್ ಹುಟ್ಟುವ ಗಳಿಗೆಯಲ್ಲಿಯೇ ಸಿಗಬೇಕು ಎಂಬುದು ನನ್ನ ಸೂಚನೆ. ಸಾಂಗಲಿಯ ಆ ಗುಮಾಸ್ತ ಗಿರಾಕಿಯನ್ನು ಆರಿಸಿದೊಡನೆ ನೋಂದಣಿಯಲ್ಲಿರುವ ಹೆಸರೂ ಊರೂ ಪರದೆಯ ಮೇಲೆ ದೊಡ್ಡದಾಗಿ ಮೂಡಿ, ಬಿಲ್ಲಿನ ಒಂದು ಸಂದೇಶ ಅದೇ ಕ್ಷಣ ಕೊಂಡವರ ಮೊಬೈಲಿಗೆ ಹೋಗುವಂತಿದ್ದರೆ, ಪೆಟ್ಟಿಗೆಗಳು ಲಾರಿ ಹತ್ತುವ ಮೊದಲೇ ಬಿಲ್ ಬದಲಾಗುತ್ತಿತ್ತು. ನಮಸ್ಕಾರ.